ಕೈ ಮುಗಿದು ನಿಂತ ಸಂಶಯಾಸ್ಪದ ವ್ಯಕ್ತಿ

ನಮ್ಮ ಬಡಾವಣೆಯ ಐದನೇ ಕ್ರಾಸಿನ ಮೂಲೆಯಲ್ಲಿ ಒಂದು ಹೊಂಗೆ ಮರ ಇದೆ. ಮರದ ಬುಡದಲ್ಲಿ ಕಸ ಇದೆ. ಯಾರು ಹಾಕುತ್ತಾರೆ ಅಂತ ಎಲ್ಲರಿಗೂ ಗೊತ್ತು, ಆದರೆ ಯಾರೂ ಬಾಯಿ ಬಿಡುವುದಿಲ್ಲ. ಬಾಯಿ ಬಿಟ್ಟವರ ಮನೆಯ ಕವರೂ ಅಲ್ಲೇ ಬಿದ್ದಿರುತ್ತದೆ.

ಈ ಮೂಲೆಗೆ ಮಾಡದ ಚಿಕಿತ್ಸೆ ಇಲ್ಲ. ಮೊದಲು "ಇಲ್ಲಿ ಕಸ ಹಾಕಬಾರದು" ಅಂತ ಬೋರ್ಡು ಹಾಕಿದರು. ಹೊಸದಾಗಿ ಬಾಡಿಗೆಗೆ ಬಂದವರಿಗೆ ಕಸ ಎಲ್ಲಿ ಹಾಕಬೇಕು ಅಂತ ಕೇಳುವ ಕಷ್ಟ ತಪ್ಪಿತು. ಆಮೇಲೆ ರಂಗೋಲಿ ಬಿಡಿಸಿದರು. ರಂಗೋಲಿಯ ಮೇಲೆ ಕಸ ಬಿತ್ತು. ಗೋಡೆಗೆ ದೇವರ ಟೈಲ್ಸ್ ಅಂಟಿಸಿದರು. ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದವರು ಎರಡು ಮಾರು ಆಚೆ ಸರಿದರು. ಕಸ ಹಾಕುವವರು ಚಪ್ಪಲಿ ಬಿಟ್ಟು ಬಂದು ಹಾಕಿದರು.

ಕೊನೆಗೆ ನಿವಾಸಿಗಳ ಸಂಘದ ಸಭೆಯಲ್ಲಿ ತೀರ್ಮಾನವಾಯಿತು. ಎಐ ಕ್ಯಾಮೆರಾ ಹಾಕಿಸೋಣ, ಮನೆಗೆ ಸಾವಿರದ ಐನೂರು ರೂಪಾಯಿ.

ಕ್ಯಾಮೆರಾ ಮಾರುವ ಹುಡುಗ ಲ್ಯಾಪ್‌ಟಾಪ್ ಹಿಡಿದು ಬಂದ. "ಮಾಮೂಲಿ ಕ್ಯಾಮೆರಾ ಸುಮ್ನೆ ನೋಡುತ್ತೆ ಸಾರ್. ಇದು ಅರ್ಥ ಮಾಡ್ಕೊಳುತ್ತೆ" ಅಂದ. ಅವನು ಆ ಒಂದು ಮಾತು ಆಡಬಾರದಿತ್ತು. ಮೂವತ್ತು ವರ್ಷದಿಂದ ತಮ್ಮನ್ನು ಯಾರೂ ಅರ್ಥ ಮಾಡಿಕೊಂಡಿಲ್ಲ ಅಂತ ಕೊರಗುತ್ತಿದ್ದವರೇ ಆ ಸಭೆಯಲ್ಲಿ ಜಾಸ್ತಿ ಇದ್ದರು. ಬೆಳಗಿನ ಜಾವ ಹಾಲಿನ ಪ್ಯಾಕೆಟ್ ಎತ್ತುವವರನ್ನು ಹಿಡಿಯುತ್ತಾ? ಹಿಡಿಯುತ್ತೆ ಮೇಡಂ. ನೀರು ಬಿಡುವವನು ಎಷ್ಟು ಹೊತ್ತಿಗೆ ವಾಲ್ವ್ ತಿರುಗಿಸಿದ ಅಂತ ಹೇಳುತ್ತಾ? ಹೇಳುತ್ತೆ. ನಮ್ಮ ಗೇಟಿನ ಮುಂದೆಯೇ ಬಂದು ಕೂರುವ ಆ ಕಂದು ನಾಯಿ ಯಾರದ್ದು ಅಂತ? ಅದೂ ಗೊತ್ತಾಗುತ್ತೆ. ಗಣೇಶನ ಗುಡಿ ಮುಂದೆ ಕಳೆದುಹೋದ ಚಪ್ಪಲಿಯ ವಿಷಯವೂ ಬಂತು. ಅದು ಕಳೆದದ್ದು ಹೋದ ವರ್ಷ. ಆದರೂ ಬಂತು. ನಿವೃತ್ತ ಹೆಡ್‌ಮಾಸ್ಟರು ಕೈ ಎತ್ತಿ, "ಇದಕ್ಕೆ ಕನ್ನಡ ಬರುತ್ತೇನಪ್ಪಾ?" ಅಂತ ಕೇಳಿದರು. "ಮುಂದಿನ ಅಪ್‌ಡೇಟ್‌ನಲ್ಲಿ ಬರುತ್ತೆ ಸಾರ್" ಅಂದ. ಇಂಥ ಉತ್ತರವನ್ನು ನಾನು ಇಷ್ಟು ದಿನ ಮಂತ್ರಿಗಳ ಬಾಯಲ್ಲಿ ಮಾತ್ರ ಕೇಳಿದ್ದೆ.

ಕ್ಯಾಮೆರಾ ಬರುವ ಮೊದಲೇ ಜನರ ಆಸೆ ಮುಗಿಲು ಮುಟ್ಟಿತ್ತು. ಅಧ್ಯಕ್ಷರಿಗೆ ದಿಗಿಲಾಯಿತು. ಸಂಘದ ಇತಿಹಾಸದಲ್ಲೇ ಮೊದಲ ಬಾರಿಗೆ ಒಂದು "ನಿರೀಕ್ಷೆ ನಿರ್ವಹಣಾ ಉಪಸಮಿತಿ" ಹುಟ್ಟಿತು. ಪತ್ರಿಕೆಗೆ ಬರೆಯುವವನು, ಹೇಗೂ ಬೇರೆ ಕೆಲಸ ಇಲ್ಲ ಅಂತ ನನ್ನನ್ನೇ ಅದಕ್ಕೆ ಸಂಚಾಲಕನನ್ನಾಗಿ ಮಾಡಿದರು. ಸದಸ್ಯನೂ ನಾನೊಬ್ಬನೇ. ಜನರ ಆಸೆಯನ್ನು ಮೆಲ್ಲಗೆ, ನೋವಾಗದ ಹಾಗೆ ಕೆಳಗಿಳಿಸುವುದು ನನ್ನ ಕೆಲಸ.

ಮೊದಲು ಲೆಕ್ಕದಿಂದ ಶುರು ಮಾಡಿದೆ. ಕಣ್ಗಾವಲು ಕ್ಯಾಮೆರಾದವರು ಪಾಲಿಸುವ ಒಂದು ಅಳತೆ ಇದೆ. ಒಂದು ಮೀಟರ್ ಅಗಲದ ಜಾಗ ಚಿತ್ರದಲ್ಲಿ 25 ಪಿಕ್ಸೆಲ್, ಅಂದರೆ 25 ಚುಕ್ಕಿ, ತುಂಬಿದರೆ, ಅಲ್ಲೊಬ್ಬ ಮನುಷ್ಯ ಇದ್ದಾನೆ ಅಂತ ಹೇಳಬಹುದು. 125 ತುಂಬಿದರೆ, ಪರಿಚಯದವರಾದರೆ ಯಾರು ಅಂತ ಹೇಳಬಹುದು. ಗುರುತೇ ಇಲ್ಲದವರನ್ನು ಅನುಮಾನಕ್ಕೆ ಎಡೆಯಿಲ್ಲದ ಹಾಗೆ ಗುರುತಿಸಲು 250 ಬೇಕು. ನಾವು ಕೊಂಡ ಕ್ಯಾಮೆರಾದ ಚಿತ್ರ ಅಡ್ಡಕ್ಕೆ 1920 ಪಿಕ್ಸೆಲ್. ಅದನ್ನು 250ರಿಂದ ಭಾಗಿಸಿದರೆ ಏಳೂವರೆ ಮೀಟರ್ ಚಿಲ್ಲರೆ ಬರುತ್ತದೆ. ಅದಕ್ಕಿಂತ ಅಗಲವಾದ ಜಾಗ ತೋರಿಸು ಅಂದರೆ ಮುಖಗಳೆಲ್ಲ ರಾಗಿಮುದ್ದೆ. ನಮ್ಮವರು ತೋರಿಸು ಅಂದದ್ದು ಇಡೀ ಕ್ರಾಸು, ಪಾರ್ಕು, ಗಣೇಶನ ಗುಡಿ, ಸಾಧ್ಯವಾದರೆ ಬಸ್‌ಸ್ಟಾಪನ್ನೂ.

"ಝೂಮ್ ಮಾಡಿದ್ರೆ ಆಯ್ತಪ್ಪ" ಅಂದರು ಅಧ್ಯಕ್ಷರು. ಸಿನಿಮಾದ ಇನ್ಸ್‌ಪೆಕ್ಟರ್ ಹೀಗೇ ಅನ್ನುತ್ತಾನೆ. ಹಿಂದಿನಿಂದ ಸಂಗೀತ ಬರುತ್ತದೆ, ಮಸುಕು ಚಿತ್ರ ಪದರ ಪದರವಾಗಿ ಸ್ಪಷ್ಟವಾಗುತ್ತದೆ. ನಿಜದಲ್ಲಿ, ಇಲ್ಲದ್ದನ್ನು ಝೂಮ್ ಮಾಡಿದರೆ ಇಲ್ಲದ್ದೇ ದೊಡ್ಡದಾಗಿ ಕಾಣುತ್ತದೆ. ಎಐ ತುಂಬಿಕೊಡುತ್ತದಲ್ಲ ಅಂದಿರಾ? ಹೌದು, ತುಂಬಿಕೊಡುತ್ತದೆ. 2020ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ಮಾಡಿದ್ದ ಇಂಥದ್ದೇ ಒಂದು ತಂತ್ರಾಂಶಕ್ಕೆ ಯಾರೋ ಒಬಾಮಾ ಅವರ ಮಸುಕು ಫೋಟೋ ಕೊಟ್ಟರು. ಅದು ಒಬ್ಬ ಬಿಳಿಯ ಗಂಡಸಿನ ಮುಖ ಮಾಡಿ ಕೊಟ್ಟಿತು. ಮುಖ ಸ್ಪಷ್ಟವಾಗಿಯೇ ಇತ್ತು. ಒಬಾಮಾ ಮಾತ್ರ ಆಗಿರಲಿಲ್ಲ.

ಲೆಕ್ಕ ಯಾರ ತಲೆಗೂ ಹತ್ತಲಿಲ್ಲ. ಕಥೆ ಹೇಳೋಣ ಅಂತ ಮುಂದಿನ ಸಭೆಯಲ್ಲಿ ಸ್ಕಾಟ್ಲೆಂಡಿಗೆ ಹೋದೆ. 2020ರ ಅಕ್ಟೋಬರ್, ಕೋವಿಡ್ ಕಾಲ. ಇನ್ವರ್ನೆಸ್ ಊರಿನ ಫುಟ್‌ಬಾಲ್ ಕ್ಲಬ್ಬಿನವರು ಕ್ಯಾಮೆರಾಮನ್‌ಗಳ ಬದಲು ಎಐ ಕ್ಯಾಮೆರಾ ಇಟ್ಟಿದ್ದರು. ಚೆಂಡು ಹೋದ ಕಡೆ ತಾನೇ ತಿರುಗುವ ಕ್ಯಾಮೆರಾ. ಆ ದಿನ ಅಂಚಿನಲ್ಲಿ ಓಡುತ್ತಿದ್ದ ಲೈನ್ಸ್‌ಮನ್‌ಗೆ ತಲೆ ಬೋಳು. ಬಿಸಿಲಿಗೆ ಫಳಫಳ. ಕ್ಯಾಮೆರಾ ಚೆಂಡನ್ನು ಬಿಟ್ಟು ಮತ್ತೆ ಮತ್ತೆ ಆ ತಲೆಯ ಹಿಂದೆಯೇ ಹೋಯಿತು. ಮನೆಯಲ್ಲಿ ಕೂತು ನೋಡುತ್ತಿದ್ದವರಿಗೆ ವೀಕ್ಷಕ ವಿವರಣೆ ಕೊಡುವವರು ಕ್ಷಮೆ ಕೇಳಬೇಕಾಯಿತು.

ಕಥೆ ಮುಗಿದಾಗ ಸಭೆಯಲ್ಲಿ ನಗು ಬರಲಿಲ್ಲ. ನಮ್ಮ ಅಧ್ಯಕ್ಷರ ತಲೆಯ ಕಡೆ ನಾನು ಗಮನ ಕೊಟ್ಟಿರಲಿಲ್ಲ. ಉಪಸಮಿತಿಯ ಚಹಾ ಖರ್ಚು ಅವತ್ತಿಗೆ ರದ್ದಾಯಿತು.

ಕ್ಯಾಮೆರಾ ಬಂತು. ಎದುರಿನ ಕಂಬಕ್ಕೆ ಕೂರಿಸಿದರು. ನಿಂಬೆಹಣ್ಣು ಇಟ್ಟು, ಕಾಯಿ ಒಡೆದು ಉದ್ಘಾಟನೆ. ಹೆಡ್‌ಮಾಸ್ಟರ ಒತ್ತಾಯಕ್ಕೆ ಕನ್ನಡವೂ ಬಂದಿತ್ತು. ಏನಾದರೂ ಕಂಡರೆ ಸಂಘದ ವಾಟ್ಸ್‌ಆ್ಯಪ್ ಗುಂಪಿಗೆ ತಾನೇ ಸಂದೇಶ ಹಾಕುವ ವ್ಯವಸ್ಥೆ. ಮೊದಲ ಎರಡು ದಿನ ಮರದ ಬುಡ ಬಣಬಣ. ಕಸವೆಲ್ಲ ಆರನೇ ಕ್ರಾಸಿಗೆ ಹೋಗಿತ್ತು. ಇದನ್ನೇ ನಾವು ಯಶಸ್ಸು ಅಂತ ಕರೆದೆವು.

ಮೂರನೇ ದಿನ ರಾತ್ರಿ ಮೊದಲ ಸಂದೇಶ ಬಂತು. "ಸಂಶಯಾಸ್ಪದ ವ್ಯಕ್ತಿ. ನಿಂತಿದ್ದಾನೆ. 4 ಗಂಟೆಗಳಿಂದ." ಬೆಳಿಗ್ಗೆ ಇನ್ನೊಂದು: "ಅದೇ ವ್ಯಕ್ತಿ. 11 ಗಂಟೆಗಳಿಂದ. ಕೈ ಮುಗಿದಿದ್ದಾನೆ." ಮಧ್ಯಾಹ್ನಕ್ಕೆ: "ಗುಂಪು ಸೇರಿದೆ. 28 ಜನ. ಎಲ್ಲರೂ ನಗುತ್ತಿದ್ದಾರೆ."

ಹೆಂಗಸರು ಮಕ್ಕಳನ್ನು ಒಳಗೆ ಕರೆದುಕೊಂಡರು. ಇಬ್ಬರು ಹುಡುಗರು ಕ್ರಿಕೆಟ್ ಬ್ಯಾಟು ಹಿಡಿದು ಹೋಗಿ ನೋಡಿದರು. ಮರಕ್ಕೆ ಒಂದು ಫ್ಲೆಕ್ಸ್ ಕಟ್ಟಿತ್ತು. ನಮ್ಮ ವಾರ್ಡಿನ ನಾಯಕರೊಬ್ಬರ ಹುಟ್ಟುಹಬ್ಬ. ಅವರು ಆಳೆತ್ತರ ಕೈ ಮುಗಿದು ನಿಂತಿದ್ದಾರೆ. ಕೆಳಗೆ ಶುಭ ಕೋರುವವರು, ಪಾಸ್‌ಪೋರ್ಟ್ ಸೈಜಿನಲ್ಲಿ, 27 ಜನ.

ನಮ್ಮ ಕ್ಯಾಮೆರಾವನ್ನೇ ಬೈಯಬೇಡಿ. ಚೀನಾದ ನಿಂಗ್ಬೋ ನಗರದಲ್ಲಿ 2018ರಲ್ಲಿ ಇದೇ ಆಗಿದೆ. ಅಲ್ಲಿ ಸಿಗ್ನಲ್ ನೋಡದೆ ರಸ್ತೆ ದಾಟಿದವರ ಮುಖ ಗುರುತಿಸಿ, ದೊಡ್ಡ ಪರದೆಯ ಮೇಲೆ ಹಾಕಿ ಮಾನ ಕಳೆಯುವ ಪದ್ಧತಿ. ಒಂದು ದಿನ ಪರದೆಯ ಮೇಲೆ ದೇಶಕ್ಕೇ ಗೊತ್ತಿರುವ ಏರ್ ಕಂಡಿಷನರ್ ಕಂಪನಿಯ ಮುಖ್ಯಸ್ಥೆ ಡಾಂಗ್ ಮಿಂಗ್‌ಝು ಅವರ ಮುಖ ಬಂತು. ಆಕೆ ಆ ರಸ್ತೆ ದಾಟಿರಲಿಲ್ಲ. ದಾಟಿದ್ದು ಒಂದು ಬಸ್ಸು. ಬಸ್ಸಿನ ಮೈಮೇಲೆ ಅವರ ಜಾಹೀರಾತು ಇತ್ತು. ಪೊಲೀಸರು ತಪ್ಪು ಒಪ್ಪಿಕೊಂಡರು, ವ್ಯವಸ್ಥೆಯನ್ನು ಸರಿ ಮಾಡಿದರು.

ಇಲ್ಲಿ ಸರಿ ಮಾಡುವುದು ಸುಲಭ ಇರಲಿಲ್ಲ. ಫ್ಲೆಕ್ಸ್ ಬಿಚ್ಚಬೇಕಿತ್ತು, ಬಿಚ್ಚುವವರು ಯಾರು? ತುರ್ತು ಸಭೆಯಲ್ಲಿ ಎರಡು ಗಂಟೆ ಚರ್ಚೆ ಮಾಡಿ ಕ್ಯಾಮೆರಾವನ್ನೇ ಎಡಕ್ಕೆ ತಿರುಗಿಸುವುದು ಅಂತ ಠರಾವು ಆಯಿತು. ಈಗ ಅದಕ್ಕೆ ಕಾಣುವುದು ಅರ್ಧ ಮರ ಮತ್ತು ಎರಡನೇ ಮಹಡಿಯ ಒಂದು ಬಟ್ಟೆ ಒಣಗಿಸುವ ತಂತಿ. ತಂತಿಯ ಮೇಲಿನ ಲುಂಗಿ ಗಾಳಿಗೆ ಆಡಿದರೆ "ಒಳನುಸುಳುವಿಕೆ" ಅಂತ ಸಂದೇಶ. ಬೇಸತ್ತು ಎಲ್ಲರೂ ಗುಂಪನ್ನು ಮ್ಯೂಟ್ ಮಾಡಿದರು. ಬಟ್ಟೆ ಅಂದಾಗ ನೆನಪಾಯಿತು. 2021ರಲ್ಲಿ ಇಂಗ್ಲೆಂಡಿನ ಬಾತ್ ನಗರದ ಬಸ್ ಪಥದಲ್ಲಿ ಒಬ್ಬ ಹೆಂಗಸು ನಡೆದುಹೋದರು. ಅವರ ಟೀ ಶರ್ಟಿನ ಮೇಲೆ "ನಿಟ್ಟರ್" ಅಂತ ಇಂಗ್ಲಿಷಿನಲ್ಲಿ ಬರೆದಿತ್ತು, ಹೆಣಿಗೆ ಹಾಕುವವಳು ಅಂತ. ಅದರ ಮೇಲೆ ಬ್ಯಾಗಿನ ಪಟ್ಟಿ ಅಡ್ಡ ಬಂದಿತ್ತು. ಕ್ಯಾಮೆರಾ ಅದನ್ನು ನಂಬರ್ ಪ್ಲೇಟ್ ಅಂತ ಓದಿ, ನೂರಕ್ಕೂ ಹೆಚ್ಚು ಕಿಲೋಮೀಟರ್ ಆಚೆ ಇದ್ದ ಒಂದು ವ್ಯಾನಿನ ಮಾಲೀಕರಿಗೆ ದಂಡದ ಚೀಟಿ ಕಳಿಸಿತು. ನಮ್ಮ ಲುಂಗಿಗೆ ಸದ್ಯ ಯಾರಿಗೂ ದಂಡ ಬಿದ್ದಿಲ್ಲ.

"ಟ್ರಾಫಿಕ್ ಪೊಲೀಸರ ಕ್ಯಾಮೆರಾ ಕೆಲಸ ಮಾಡ್ತಿಲ್ವಾ, ನಮ್ಮದಕ್ಕೆ ಏನು ರೋಗ?" ಅಂತ ಖಜಾಂಚಿ ಕೇಳಿದರು. ಮಾಡುತ್ತದೆ, ಯಾರು ಇಲ್ಲ ಅಂದರು? ಬೆಂಗಳೂರಿನ 50 ಜಂಕ್ಷನ್‌ಗಳಲ್ಲಿ 2022ರ ಡಿಸೆಂಬರಿನಲ್ಲಿ ನಂಬರ್ ಪ್ಲೇಟ್ ಓದುವ 250 ಕ್ಯಾಮೆರಾ, ಸಿಗ್ನಲ್ ಜಂಪ್ ಹಿಡಿಯುವ 80 ಕ್ಯಾಮೆರಾ ಬಂದವು. ಅಷ್ಟೊತ್ತಿಗಾಗಲೇ ಹಳೆಯ ದಂಡದ ಬಾಕಿ ಬೆಟ್ಟದಷ್ಟು ಇತ್ತು. ಹಿಡಿಯುವುದಕ್ಕೆ ಯಂತ್ರ ಬಂತು, ಕಟ್ಟಿಸುವುದಕ್ಕೆ ಬರಲಿಲ್ಲ. ಎರಡೇ ತಿಂಗಳಲ್ಲಿ, 2023ರ ಫೆಬ್ರುವರಿಯಲ್ಲಿ, ಸರ್ಕಾರ ಆಷಾಢದ ಸೀರೆ ಸೇಲಿನ ಹಾಗೆ ದಂಡಕ್ಕೂ ಶೇ 50 ರಿಯಾಯಿತಿ ಕೊಟ್ಟಿತು. ಜನ ಕ್ಯೂ ನಿಂತು ಕಟ್ಟಿದರು. ಕೆಲವೇ ದಿನಗಳಲ್ಲಿ ನೂರು ಕೋಟಿ ದಾಟಿತು. ಆಮೇಲೆ ಗಡುವು ವಿಸ್ತರಣೆ. 2025ರ ಆಗಸ್ಟಿನಲ್ಲಿ ಮತ್ತೆ ಸೇಲ್. ಎದುರುಮನೆ ಹುಡುಗನ ಹೆಸರಲ್ಲಿ ಹನ್ನೊಂದು ಕೇಸಿದೆ. ಕೇಳಿದರೆ, "ಈಗ ಕಟ್ಟೋದು ಲಾಸ್ ಅಂಕಲ್, ಮುಂದಿನ ಆಫರ್ ಬರಲಿ" ಅನ್ನುತ್ತಾನೆ. ಅವನ ಬೈಕಿನ ಹಿಂದೆ ಕೂರುವ ಗೆಳೆಯ ಸಿಗ್ನಲ್ ಬಂದಾಗ ಸೊಂಟ ತಿರುಚಿ, ಕೈ ಹಿಂದಕ್ಕೆ ಚಾಚಿ ನಂಬರ್ ಪ್ಲೇಟ್ ಮುಚ್ಚುತ್ತಾನೆ. ಯೋಗ ಗುರುಗಳೂ ಮೆಚ್ಚುವಂಥ ಆಸನ.

ಆಯುಧ ಪೂಜೆ ಬಂತು. ಗಾಡಿ, ಮಿಕ್ಸಿ, ನೀರಿನ ಮೋಟಾರು ಎಲ್ಲಕ್ಕೂ ಪೂಜೆ ಆದ ಮೇಲೆ ಕ್ಯಾಮೆರಾಗೆ ಬೇಡವಾ? ಯಾರೋ ಭಕ್ತರು ಏಣಿ ಹಾಕಿ ಹತ್ತಿ, ಹೂ ಮುಡಿಸಿ, ವಿಭೂತಿ ಬಳಿದು, ನಟ್ಟನಡುವೆ ದುಂಡಗೆ ಕುಂಕುಮ ಇಟ್ಟರು. ನಟ್ಟನಡುವೆ ಇದ್ದದ್ದು ಲೆನ್ಸು.

ಇದು ಗೊತ್ತಾದದ್ದು ದೀಪಾವಳಿಗೆ. ಯಾರದೋ ರಾಕೆಟ್ ಖಜಾಂಚಿಯವರ ಸ್ಕೂಟರಿನ ಸೀಟಿಗೆ ಬಿದ್ದು ಸುಟ್ಟಿತು. ಈಗ ಸಿಕ್ಕಿಬಿದ್ದರು ಅಂತ ಎಲ್ಲರೂ ಉತ್ಸಾಹದಿಂದ, ಕ್ಯಾಮೆರಾ ಕಂಡದ್ದನ್ನು ಉಳಿಸಿಡುವ ಡಿವಿಆರ್ ಪೆಟ್ಟಿಗೆಯ ಮುಂದೆ ಕೂತೆವು. ಪರದೆ ತುಂಬ ಕೆಂಪು. ಹಿಂದಕ್ಕೆ ಹೋದರೆ, ಕೆಂಪು. ಇನ್ನೂ ಹಿಂದಕ್ಕೆ, ಕೆಂಪು. ಇಪ್ಪತ್ತು ದಿನದಿಂದ ಕ್ಯಾಮೆರಾ ಅರ್ಧ ಗಂಟೆಗೊಮ್ಮೆ "ಬೆಂಕಿ ಇರಬಹುದು" ಅಂತ ಗುಂಪಿಗೆ ಬಡಿದುಕೊಳ್ಳುತ್ತಿತ್ತು. ಮ್ಯೂಟ್ ಮಾಡಿದ್ದ ನಮಗೆ ಕೇಳಿಸಿರಲಿಲ್ಲ. ಕುಂಕುಮ ಇಟ್ಟವರು ಯಾರು ಅಂತಲೂ ತಿಳಿಯಲಿಲ್ಲ. ಡಿವಿಆರ್ ಇಟ್ಟುಕೊಳ್ಳುವುದು ಹದಿನೈದೇ ದಿನ.

"ದಿನಾ ಯಾರಾದರೂ ಕೂತು ನೋಡಬೇಕಿತ್ತು" ಅಂದರು ಹೆಡ್‌ಮಾಸ್ಟರು. ಒಂದು ಕ್ಷಣ ಎಲ್ಲರೂ ಗೋಡೆ ಗಡಿಯಾರ ನೋಡಿದರು. ಅಮೆಜಾನ್ ಕಂಪನಿಯ ಕೆಲವು ಅಂಗಡಿಗಳಲ್ಲಿ ಬಿಲ್ ಕೌಂಟರೇ ಇರಲಿಲ್ಲ, ಬೇಕಾದ್ದು ಎತ್ತಿಕೊಂಡು ಹೊರಟರೆ ಕ್ಯಾಮೆರಾಗಳೇ ಲೆಕ್ಕ ಹಾಕುತ್ತಿದ್ದವು. ಅದರ ಹಿಂದೆ ಭಾರತದಲ್ಲಿ ಸುಮಾರು ಸಾವಿರ ಜನ ಕೂತು ವಿಡಿಯೊ ನೋಡುತ್ತಿದ್ದರು ಅಂತ ಸುದ್ದಿಯಾಯಿತು. ಅವರು ಹೆಚ್ಚಾಗಿ ಎಐಗೆ ಪಾಠ ಹೇಳಿಕೊಡುವ ಕೆಲಸದವರು ಅಂತ ಕಂಪನಿ ಸಮಜಾಯಿಷಿ ಕೊಟ್ಟಿತು. ಅಮೆರಿಕದ ಅಂಗಡಿಯ ಬಾಳೆಹಣ್ಣು ಯಾರು ಎತ್ತಿದರು ಅಂತ ಇಲ್ಲಿಂದ ನೋಡುವವರು ಸಿಗುತ್ತಾರೆ. ನಮ್ಮ ಐದನೇ ಕ್ರಾಸು ನೋಡುವುದಕ್ಕೆ ನಮ್ಮಲ್ಲಿ ಒಬ್ಬರೂ ಕೈ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಉಪಸಮಿತಿಯ ವ್ಯಾಪ್ತಿ ನಿರೀಕ್ಷೆ ಮಾತ್ರ, ವೀಕ್ಷಣೆ ಅಲ್ಲ.

ಲೆನ್ಸು ಒರೆಸಿದರು. ಅಷ್ಟರಲ್ಲಿ ಫ್ಲೆಕ್ಸ್ ಮಳೆಗೆ ತಾನೇ ಹರಿದು ಬಿದ್ದಿತ್ತು. ಕ್ಯಾಮೆರಾ ಮತ್ತೆ ಮರದ ಕಡೆ ತಿರುಗಿತು. ಈಗ ಚಿತ್ರ ಬಹಳ ಚೆನ್ನಾಗಿ ಬರುತ್ತದೆ, ಎಲೆ ಎಲೆಯೂ ಕಾಣುತ್ತದೆ.

ಹೋದ ವಾರ ಕಸದ ಆಟೊ ಮೂರು ದಿನ ಬರಲಿಲ್ಲ. ಮನೆಯಲ್ಲಿ ಹಲಸಿನ ಹಣ್ಣು ಬಿಡಿಸಿದ್ದೆವು. ಸಿಪ್ಪೆಯ ವಾಸನೆ ನಿಮಗೆ ಗೊತ್ತಲ್ಲ. ನಾಲ್ಕನೇ ದಿನ ಬೆಳಿಗ್ಗೆ ಐದೂವರೆಗೆ ಎದ್ದೆ. ಕವರು ಭಾರ ಇತ್ತು, ತಳ ಬೇರೆ ಹರಿಯುವ ಹಾಗಿತ್ತು, ಎರಡೂ ಕೈಯಲ್ಲಿ ಎದೆಗೆ ಒತ್ತಿ ಹಿಡಿದುಕೊಂಡೆ. ಮರದ ಹತ್ತಿರ ಹೋಗಿ, ಯಾರಾದರೂ ನೋಡುತ್ತಿದ್ದಾರಾ ಅಂತ ಆ ಕಡೆ ಈ ಕಡೆ ಕಣ್ಣು ಹಾಯಿಸಿದೆ. ಆಮೇಲೆ ಮೇಲೆ ನೋಡಿದೆ. ಕೆಂಪು ದೀಪ ಉರಿಯುತ್ತಿತ್ತು.

ಮನೆಗೆ ಓಡಿ ಬಂದು ಗುಂಪು ತೆರೆದೆ. ಕ್ಯಾಮೆರಾ ಆಗಲೇ ಸಂದೇಶ ಹಾಕಿತ್ತು, ಅಧ್ಯಕ್ಷರು ಅದಕ್ಕೆ ಹೆಬ್ಬೆರಳನ್ನೂ ಒತ್ತಿದ್ದರು.

"ಮಗುವನ್ನು ಎತ್ತಿಕೊಂಡ ಗಂಡಸು. ಅಪಾಯ ಇಲ್ಲ."