ನಿಯಮಗಿರಿ ತೀರ್ಪು: ಬೆಟ್ಟವನ್ನು ದೇವರ ಹೆಸರಿಗೆ ಬರೆದುಕೊಟ್ಟಿಲ್ಲ

‘ಒಡಿಶಾದ ನಿಯಮಗಿರಿ ಬೆಟ್ಟವನ್ನು ಸುಪ್ರೀಂ ಕೋರ್ಟ್ ಆದಿವಾಸಿಗಳ ದೇವರಿಗೆ ಬರೆದುಕೊಟ್ಟಿತು, ಇನ್ನು ದೇವರ ಹೆಸರು ಹೇಳಿದರೆ ಸಾಕು, ಎಲ್ಲಿ ಬೇಕಾದರೂ ಜಮೀನು ಸಿಗುತ್ತದೆ’ ಎಂಬ ಸಂದೇಶ ಓಡಾಡುತ್ತಿದೆ. ಎರಡೂ ಮಾತು ತಪ್ಪು.

2013ರ ಏಪ್ರಿಲ್ 18ರ ತೀರ್ಪು ಯಾರಿಗೂ ಹಕ್ಕುಪತ್ರ ಕೊಡಲಿಲ್ಲ. ಬಾಕ್ಸೈಟ್ (ಅಲ್ಯುಮಿನಿಯಂ ಅದಿರು) ಗಣಿಗಾರಿಕೆಯಿಂದ ಆ ಬೆಟ್ಟದ ಆದಿವಾಸಿಗಳಾದ ಡೋಂಗ್ರಿಯಾ ಕೊಂಧರ ಆರಾಧ್ಯ ದೈವ ನಿಯಮ ರಾಜನ ಪೂಜೆಗೆ ಧಕ್ಕೆಯಾಗುತ್ತದೆಯೇ ಎಂಬುದನ್ನು ಗ್ರಾಮಸಭೆಗಳೇ ಪರಿಶೀಲಿಸಲಿ ಎಂದಿತು, ಅಷ್ಟೆ. ಧಾರ್ಮಿಕ ಹಕ್ಕು ಕೂಡ ಅರಣ್ಯ ಹಕ್ಕುಗಳ ಜತೆಗೇ ತೂಗಬೇಕಾದ್ದು ಎಂದು ಒಪ್ಪಿದ್ದೇ ಆ ತೀರ್ಪಿನ ಹೊಸತನ. ಅದೇ ವರ್ಷ ರಾಯಗಡ, ಕಾಲಾಹಂಡಿ ಜಿಲ್ಲೆಗಳ 12 ಗ್ರಾಮಸಭೆಗಳು ನ್ಯಾಯಾಧೀಶರೊಬ್ಬರ ಸಮ್ಮುಖದಲ್ಲಿ ಸೇರಿ ಒಂದಾದ ಮೇಲೊಂದರಂತೆ ಗಣಿ ಬೇಡವೆಂದವು. 2014ರ ಜನವರಿಯಲ್ಲಿ ಕೇಂದ್ರ ಪರಿಸರ ಸಚಿವಾಲಯ ಅನುಮತಿ ನಿರಾಕರಿಸಿತು.

ಇನ್ನು ಜಮೀನಿನ ಮಾತು. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಅರಣ್ಯವಾಸಿಗಳಿಗೆ ವೈಯಕ್ತಿಕ ಹಕ್ಕು ಸಿಗುವುದು 2005ರ ಡಿಸೆಂಬರ್ 13ಕ್ಕೆ ಮೊದಲೇ ಸ್ವಾಧೀನದಲ್ಲಿದ್ದ ಭೂಮಿಗೆ, ಅದೂ 4 ಹೆಕ್ಟೇರ್ ಮೀರದಂತೆ. ಮಾರುವಂತಿಲ್ಲ, ಪರಭಾರೆ ಮಾಡುವಂತಿಲ್ಲ; ಮದುವೆಯಾದವರಿಗಾದರೆ ಗಂಡ ಹೆಂಡತಿ ಇಬ್ಬರ ಹೆಸರಲ್ಲೂ ಪತ್ರ. ದೇವರ ಹೆಸರು ಹೇಳಿ ಬೇಲಿ ಹಾಕಿಕೊಳ್ಳಲು ಅಲ್ಲಿ ದಾರಿಯೇ ಇಲ್ಲ.