ಹನ್ನೆರಡು ಗಜದ ತೋಪು, ಹನ್ನೆರಡು ಇಂಚಿನ ಕಾಗದ

"ಪ್ಲಾಟು ಯಾವ ಕಡೆ ಬರುತ್ತದೆ ರೀ?"

ಬೆಳಗ್ಗೆ ಎಂಟು ಗಂಟೆ. ಒಂದು ಕೈಯಲ್ಲಿ ಸುಸಲಾದ ತಟ್ಟೆ, ಇನ್ನೊಂದರಲ್ಲಿ ಫೋನು. ಯಾವ ಪ್ಲಾಟು ಎಂದು ನಾನೂ ಕೇಳಿದೆ.

"ನೀವೇ ಹಾಕಿದ್ದೀರಲ್ಲ, 30×40, ಬರೀ 650 ರೂಪಾಯಿ ಎಂದು! ರಿಂಗ್ ರೋಡಿನಿಂದ ಒಳಗೋ ಹೊರಗೋ? ಎನ್.ಎ., ಅಂದರೆ ಕೃಷಿಯೇತರ, ಆಗಿದೆಯೋ ಇಲ್ಲವೋ?"

ಹಾಕಿದ್ದು ನಾನೇ, ನಿಜ. ಆದರೆ ಅದು ಕಲಬುರಗಿ ಕೋಟೆಯನ್ನು ಕುರಿತು ನಾನು ಬಿಡಿಸಿ ಮಾರಾಟಕ್ಕಿಟ್ಟ ಪೋಸ್ಟರ್. ಹೊರದೇಶದ ಮಾರಾಟಗಾರರನ್ನು ನೋಡಿ 30×40 ಎಂದು ಬರೆದಿದ್ದೆ, ಸೆಂಟಿಮೀಟರ್ ಎಂಬುದನ್ನು ಬಿಟ್ಟಿದ್ದೆ. ನಮ್ಮ ರಾಜ್ಯದಲ್ಲಿ 30×40 ಎಂದು ಸುಮ್ಮನೆ ಬರೆದರೆ ಜನ ಅದನ್ನು ಅಡಿ ಎಂದೇ ಓದುತ್ತಾರೆ, ಓದುತ್ತಲೇ ಮನಸ್ಸಿನಲ್ಲಿ ಪಾಯವನ್ನೂ ತೋಡಿರುತ್ತಾರೆ. ಈ ಮಹನೀಯರು ಚದರಡಿಗೆ 650ರಂತೆ ಲೆಕ್ಕ ಹಾಕಿ, 7 ಲಕ್ಷ 80 ಸಾವಿರ ಸ್ವಲ್ಪ ಹೆಚ್ಚಾಯಿತು ಎಂದು ಚೌಕಾಸಿಗೂ ಇಳಿದಿದ್ದರು. ವಿಷಯ ತಿಳಿದ ಮೇಲೆ ಒಂದು ಕ್ಷಣ ಸುಮ್ಮನಿದ್ದು, "ಒಂದು ಕಾಗದಕ್ಕೆ 650 ರೂಪಾಯಿ ತೆಗೆದುಕೊಳ್ಳುತ್ತೀರಾ?" ಎಂದು ಕೇಳಿ ಫೋನ್ ಇಟ್ಟರು. ಪ್ಲಾಟು ಮಾರಿದ್ದರೆ ಇಷ್ಟು ಅವಮಾನ ಆಗುತ್ತಿರಲಿಲ್ಲ.

ಆ ದಿನವೇ ಸೆಂಟಿಮೀಟರಿಗೆ ಕೈ ಮುಗಿದು ಎ ಸರಣಿಗೆ ಶರಣಾದೆ. ಕಾಗದದ ಲೋಕದಲ್ಲಿ ಅಷ್ಟು ಶಿಸ್ತಿನ ಕುಟುಂಬ ಇನ್ನೊಂದಿಲ್ಲ. ಹಿರಿಯಣ್ಣ ಎ0 841×1189 ಮಿಲಿಮೀಟರ್, ವಿಸ್ತೀರ್ಣ ಒಂದು ಚದರ ಮೀಟರ್. ನಡುವೆ ಮಡಚಿದರೆ ಎ1, ಮತ್ತೆ ಮಡಚಿದರೆ ಎ2. ಎಷ್ಟು ಮಡಚಿದರೂ ಉದ್ದ ಅಗಲದ 1.414ರಷ್ಟೇ ಇರುತ್ತದೆ. ಒಂದು ಚಿತ್ರ ಬಿಡಿಸಿದರೆ ಅಷ್ಟೂ ಅಳತೆಗೆ ಒಗ್ಗುತ್ತದೆ. ನಲವತ್ತು ವರ್ಷದಿಂದ ಸೀರೆ ಮಡಚುತ್ತಿರುವ ನಮ್ಮ ಅವ್ವನಿಗೂ ಈ ಸುಖ ಸಿಕ್ಕಿಲ್ಲ.

ಮೊದಲ ಎ3 ಪ್ರತಿ ಹಿಡಿದುಕೊಂಡು ಸೂಪರ್ ಮಾರ್ಕೆಟ್ ಕಡೆಯ ಕಟ್ಟಿನ ಅಂಗಡಿಗೆ ಹೋದೆ. ದೇವರ ಫೋಟೊಗಳಿಗೂ ತೀರಿಹೋದ ಹಿರಿಯರಿಗೂ ಕಟ್ಟು ಹಾಕುತ್ತ ತಲೆ ನರೆತ ಚಾಚಾ ಕಾಗದವನ್ನು ತಿರುಗಿಸಿ ನೋಡಿದರು. ಎ3 ಎಂದೆ.

"ಅದೇನು ಬೇಟಾ, ಬಸ್ಸಿನ ನಂಬರೇ?"

ಅವರ ಲೋಕದಲ್ಲಿ ಇರುವುದು ಎಂಟು-ಹತ್ತು, ಹತ್ತು-ಹನ್ನೆರಡು, ಹನ್ನೆರಡು-ಹದಿನೆಂಟು. ಎಲ್ಲವೂ ಇಂಚು. ಎ3 ಎಂಬುದು 11.7×16.5 ಇಂಚು. ಹನ್ನೆರಡು-ಹದಿನೆಂಟರ ಕಟ್ಟಿನಲ್ಲಿ ಇಟ್ಟರೆ ಉದ್ದಕ್ಕೆ ಒಂದೂವರೆ ಇಂಚು ಬಯಲು. ಚಾಚಾ ಧೃತಿಗೆಡಲಿಲ್ಲ. ಸುತ್ತಲೂ ಬಂಗಾರ ಬಣ್ಣದ ಕಾಗದದ ಪಟ್ಟಿ ಅಂಟಿಸಿ ಬಯಲು ಮುಚ್ಚಿಕೊಟ್ಟರು. ಮನೆಗೆ ತಂದಾಗ ಅವ್ವ ಆ ಬಂಗಾರದ ಅಂಚು ನೋಡಿ, ಒಳಗೆ ಯಾರಿದ್ದಾರೆಂದು ನೋಡುವ ಮೊದಲೇ ಕುಂಕುಮದ ಬಟ್ಟಲು ತಂದಿದ್ದಳು. ಒಳಗಿದ್ದದ್ದು ಕೋಟೆಯ ತೋಪು, ಅಂದರೆ ಫಿರಂಗಿ.

ಇದನ್ನು ಹೇಳಲೇಬೇಕು. ನಮ್ಮ ಕೋಟೆಯ ಜಾಮಿ ಮಸೀದಿಯನ್ನೂ ನಾನು ಬಿಡಿಸಿದ್ದೇನೆ. ಆ ಕಮಾನುಗಳು ಯಾವ ಅಳತೆಗೂ ಜಗಳ ತೆಗೆಯುವುದಿಲ್ಲ. ಎಲ್ಲಿ ಕತ್ತರಿಸಿದರೂ ಪಕ್ಕದಲ್ಲಿ ಇನ್ನೊಂದು ಕಮಾನು ಉಳಿದಿರುತ್ತದೆ. ಜಗಳಗಂಟಿ ಎಂದರೆ ಬಾರಾ ಗಜ್ ತೋಪು. ಹೆಸರಿನಲ್ಲಿ ಹನ್ನೆರಡು ಗಜ. ಗಜಕ್ಕೆ ಮೂರಡಿ ಹಿಡಿದರೆ 36 ಅಡಿ ಆಗಬೇಕು, ಆದರೆ ತೋಪಿನ ಉದ್ದ 29 ಅಡಿ ಎನ್ನುತ್ತಾರೆ. ಹಿಂದೆ ಗಜ ಎಂಬುದು ಕಾಲಕ್ಕೊಂದು, ಊರಿಗೊಂದು ಇತ್ತು. ಅಂದರೆ ಅಳತೆಯನ್ನು ಬರೆದು ಘಟಕದ ವಿವರ ಬಿಟ್ಟದ್ದರಲ್ಲಿ ಈ ಊರಿಗೆ ನಾನೇ ಮೊದಲಿಗನಲ್ಲ.

ಚಾಚಾನ ಮಾತಿಗೆ ತಲೆಬಾಗಿ ತೋಪನ್ನು 18×12ಕ್ಕೆ ಹೊಸದಾಗಿ ಬಿಡಿಸಿದೆ. ಇಂಚಿಗೆ 300 ಚುಕ್ಕೆಯಂತೆ 5400×3600 ಪಿಕ್ಸೆಲ್. ಮೊಬೈಲಿಗೆಂದು ಮಾಡಿದ್ದ 1080 ಪಿಕ್ಸೆಲ್ಲಿನ ಹಳೆಯ ಚಿತ್ರವನ್ನು ಅಷ್ಟಕ್ಕೆ ಹಿಗ್ಗಿಸಿದಾಗ ತೋಪಿನ ಬಾಯಿ ಬಾವಿಯ ಮೆಟ್ಟಿಲಿನಂತೆ ಕಂಡಿತ್ತು. ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಆಯ್ಕೆ ಹೆಚ್ಚಿದ್ದಷ್ಟೂ ಗಿರಾಕಿ ಹೆಚ್ಚು ಎಂಬ ದುರಾಸೆಯಿಂದ ಅದೇ ಕಡತವನ್ನು ಆರು ಅಳತೆಗಳಲ್ಲಿ ಮಾರಾಟಕ್ಕಿಟ್ಟೆ. ಬೆಂಗಳೂರಿನಲ್ಲಿರುವ ನಮ್ಮ ಊರಿನವರೊಬ್ಬರು 10×8 ಕೇಳಿದರು. 'ಕಾಗದ ತುಂಬುವಂತೆ' ಎಂಬ ಗುಂಡಿ ಒತ್ತಿ, ಮುದ್ರಿಸಿ ಕಳುಹಿಸಿಬಿಟ್ಟೆ.

ನಾಲ್ಕನೆಯ ದಿನ ಫೋನು. "ಅಣ್ಣಾ, ಚಿತ್ರ ಚೆನ್ನಾಗಿದೆ. ಆದರೆ ನಾನು ತೋಪು ಕೇಳಿದ್ದೆ, ನೀವು ಕುಡಿಯುವ ನೀರಿನ ಪೈಪು ಕಳುಹಿಸಿದ್ದೀರಿ."

ಹದಿನೆಂಟು-ಹನ್ನೆರಡನ್ನು ಹತ್ತು-ಎಂಟರ ಪ್ರಮಾಣಕ್ಕೆ ತಂದರೆ ಹದಿನೆಂಟರಲ್ಲಿ ಮೂರು ಇಂಚು ಹೋಗುತ್ತದೆ, ಆ ಕಡೆ ಒಂದೂವರೆ, ಈ ಕಡೆ ಒಂದೂವರೆ. ತೋಪಿನ ಬಾಯಿಯೂ ಬುಡವೂ ಇದ್ದದ್ದು ಅಲ್ಲೇ. ನಿಜವಾದ ತೋಪಿನ ಲೆಕ್ಕಕ್ಕೆ ತಂದು ನೋಡಿದೆ: ಎರಡೂ ತುದಿಯಲ್ಲಿ ಒಂದೂವರೆ ಅಡಿಗೂ ಹೆಚ್ಚು ಲೋಹ ಕತ್ತರಿಸಿದ್ದೆ. ಶತಮಾನಗಳಿಂದ ಮಳೆ ಬಿಸಿಲಿಗೂ ಆಗದ ಕೆಲಸ. ಹಣ ವಾಪಸ್ಸು ಕೊಟ್ಟೆ. ಪೈಪನ್ನು ಅವರು ಮರಳಿಸಲಿಲ್ಲ, ಸ್ನಾನದ ಮನೆಯ ಬಾಗಿಲಿಗೆ ಹಾಕಿದ್ದಾರಂತೆ.

ಆಮೇಲೆ ತೋಪಿಗೆಂದೇ 36×12 ಇಂಚಿನ ಉದ್ದನೆಯ ಪೋಸ್ಟರ್ ಮಾಡಿದೆ. ತೋಪು ಮೊದಲ ಬಾರಿಗೆ ಕೈಕಾಲು ಚಾಚಿ ಮಲಗಿತು. ಸುತ್ತಿ ಕೊಳವೆಯಲ್ಲಿ ಹಾಕಿ ಕೊರಿಯರ್‌ಗೆ ಒಯ್ದರೆ ಅಲ್ಲಿನ ಹುಡುಗ ತಕ್ಕಡಿಯನ್ನು ಮುಟ್ಟಲೇ ಇಲ್ಲ, ಟೇಪು ತೆಗೆದ. ಉದ್ದ 95, ಅಗಲ 10, ಎತ್ತರ 10 ಸೆಂಟಿಮೀಟರ್. ಹಗುರ ಪೊಟ್ಟಣಕ್ಕೆ ಅದು ಹಿಡಿಯುವ ಜಾಗವೇ ತೂಕವಂತೆ; ಗುಣಿಸಿ 5000ದಿಂದ ಭಾಗಿಸಿದರೆ 1.9 ಕೆ.ಜಿ. ಎಂದ. ಕೊಳವೆಯೊಳಗಿದ್ದದ್ದು ಒಂದು ಹಾಳೆ. ಗಾಳಿಗೂ ಬಾಡಿಗೆ ಕೊಡಬೇಕಾದ ಈ ಲೆಕ್ಕಕ್ಕೆ ಹೆದರಿ ಪೊಟ್ಟಣವನ್ನು ಮನೆಗೆ ಮರಳಿ ತಂದೆ.

ಅವ್ವ ಕೊಳವೆಯಿಂದ ಹಾಳೆಯನ್ನು ಎಳೆದು ನೋಡಿದಳು. ಬಟ್ಟೆ ಒಣಗಿಸುವ ಕೋಲಿನಂತೆ ಉದ್ದಕ್ಕೇ ಸುತ್ತಿದ್ದೆ.

"ಚಾಪೆ ಹೀಗೆ ಸುತ್ತುತ್ತಾರೇನಪ್ಪಾ? ತಲೆಯ ಕಡೆಯಿಂದ ಕಾಲಿನ ಕಡೆಗೆ ಸುತ್ತು."

ಹಾಗೆ ಸುತ್ತಿದರೆ ಸುರುಳಿಯ ಉದ್ದ ಹನ್ನೆರಡೇ ಇಂಚು. ಹೊಸ ಕೊಳವೆ 35 ಸೆಂಟಿಮೀಟರ್, ಲೆಕ್ಕ 0.7 ಕೆ.ಜಿ. ನಾನು ನಾಲ್ಕು ವರ್ಷ ಚಿತ್ರಕಲೆ ಓದಿದವನು ಎಂಬುದನ್ನು ಅವ್ವ ಅಂದು ಎತ್ತಿ ಆಡಲಿಲ್ಲ, ಅದೇ ದೊಡ್ಡ ಉಪಕಾರ.

ಈಗ ಅಂಗಡಿಯಲ್ಲಿ ಎರಡೇ ಅಳತೆ ಉಳಿಸಿದ್ದೇನೆ. ಪ್ರತಿಯೊಂದರ ಮುಂದೆಯೂ 'ಇಂಚು' ಎಂದು ದಪ್ಪಕ್ಷರದಲ್ಲಿ ಬರೆದು, ಕೆಳಗೆ 'ಇದು ಪ್ಲಾಟು ಅಲ್ಲ' ಎಂದೂ ಸೇರಿಸಿದ್ದೇನೆ. ಇನ್ನು ತಪ್ಪಾಗುವುದು ಸಾಧ್ಯವೇ ಇಲ್ಲ ಎಂದು ಹಾಯಾಗಿದ್ದಾಗ, ಕಳೆದ ವಾರ ಬೀದರ್‌ನಿಂದ ಒಬ್ಬರು ಉದ್ದನೆಯ ತೋಪನ್ನು ತರಿಸಿಕೊಂಡು, ಐದು ನಕ್ಷತ್ರ ಕೊಟ್ಟು, ಗೋಡೆಯ ಫೋಟೊ ಕಳುಹಿಸಿದರು. ಬಾಗಿಲಿಗೂ ಕಿಟಕಿಗೂ ನಡುವೆ ಅವರಿಗೆ ಇದ್ದ ಜಾಗ ಹದಿನೈದು ಇಂಚಂತೆ. ತೋಪನ್ನು ನೆಟ್ಟಗೆ ನಿಲ್ಲಿಸಿದ್ದಾರೆ. ಬಾಯಿ ಸೀಲಿಂಗ್ ಫ್ಯಾನಿನ ಕಡೆಗಿದೆ.