ಪರ-ವಿರೋಧ: ಬೈಕ್ ಅಪಘಾತವಾದರೆ ಪರಿಹಾರಕ್ಕೆ ಕೋರ್ಟಿಗೆ ಹೋಗಬೇಕಾ?

ಪರ: ಹಣ್ಣು ಇಡ್ರಿ, ರೊಕ್ಕ ಒಯ್ರಿ

ನನ್ನ ತಮ್ಮ ಕಾರಟಗಿ ಕಡೆ ಒಂದು ರೈಸ್ ಮಿಲ್ಲಿನಲ್ಲಿ ಹಮಾಲಿ ಮಾಡುತ್ತಿದ್ದ. ಮೂರು ವರ್ಷದ ಹಿಂದೆ, ಭತ್ತದ ಸುಗ್ಗಿಯಲ್ಲಿ, ರಾತ್ರಿ ಬೈಕಿನಲ್ಲಿ ಮನೆಗೆ ಬರುತ್ತಿದ್ದ. ಭತ್ತ ತುಂಬಿದ ಟ್ರ್ಯಾಕ್ಟರ್ ರಸ್ತೆ ಮೇಲೇ ನಿಂತಿತ್ತು. ಟ್ರೈಲರ್ ಹಿಂದೆ ಲೈಟಿಲ್ಲ, ರೇಡಿಯಂ ಪಟ್ಟಿಯಿಲ್ಲ. ಗಂಗಾವತಿ-ಸಿಂಧನೂರು ರಸ್ತೆಯಲ್ಲಿ ರಾತ್ರಿ ಓಡಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎದುರಿನ ಲಾರಿಯ ಲೈಟು ಕಣ್ಣಿಗೆ ಹೊಡೆದ ಮೇಲೆ ಅಂಥ ಟ್ರೈಲರ್ ಕಾಣೋದು ಗುದ್ದಿದಾಗಲೇ. ಬಲಗಾಲು ಮೊಣಕಾಲ ಕೆಳಗೆ ಎರಡು ಕಡೆ ಮುರಿಯಿತು. ರಾಡ್ ಹಾಕಿದರು.

ಮೂರನೇ ದಿನ ಆಸ್ಪತ್ರೆಗೆ ಊರ ಹಿರಿಯರು ಬಂದರು. ಒಂದು ಚೀಲದಲ್ಲಿ ಬಾಳೆಹಣ್ಣು, ಒಂದು ಕವರಿನಲ್ಲಿ ಇಪ್ಪತ್ತು ಸಾವಿರ. 'ಒಂದ ಊರಾಗ ಇರೋರು, ಯಾಕ ಬೇಕವ್ವಾ ಕೋರ್ಟು ಕಚೇರಿ' ಅಂದರು. ಅವ್ವ ಕವರಿನ ಕಡೆ ನೋಡಿದಳು. ಆಸ್ಪತ್ರೆ ಬಿಲ್ಲು ಅವಳ ತಲೆದಿಂಬಿನ ಕೆಳಗೇ ಇತ್ತು. ನಾನು, 'ಕಾಕಾ, ಹಣ್ಣು ಇಡ್ರಿ, ರೊಕ್ಕ ಒಯ್ರಿ' ಅಂದೆ.

ಅವತ್ತು ಎಲ್ಲರಿಗೂ ನಾನು ಜಗಳಗಂಟಿ. ಆದರೆ ಲೆಕ್ಕ ನೋಡಿ. ತಿಂಗಳಿಗೆ 15,000 ದುಡಿಯುವ 29 ವರ್ಷದವನಿಗೆ ಶೇಕಡ 30ರಷ್ಟು ದುಡಿಮೆ ಹೋಯಿತು ಅಂದುಕೊಳ್ಳಿ. ಸುಪ್ರೀಂ ಕೋರ್ಟ್ 2009ರಲ್ಲಿ ಹಾಕಿಕೊಟ್ಟ ಪಟ್ಟಿಯಲ್ಲಿ ಆ ವಯಸ್ಸಿಗೆ ಗುಣಕ 17. ಹನ್ನೆರಡು ತಿಂಗಳಿಂದ ಗುಣಿಸಿ, ಹದಿನೇಳರಿಂದ ಗುಣಿಸಿ, ಶೇಕಡ 30 ತೆಗೆಯಿರಿ: 9,18,000. ಔಷಧಿ ಖರ್ಚು, ನೋವಿನ ಪರಿಹಾರ ಬೇರೆ. ಅದೂ ಅಲ್ಲದೆ ಡಾಕ್ಟರು ಬರೆದ ಅಂಗವೈಕಲ್ಯದ ಶೇಕಡಾವಾರೇ ಕೊನೆಯಲ್ಲ. ಅವನ ಕೆಲಸಕ್ಕೆ ಆದ ನಷ್ಟ ಎಷ್ಟು ಅಂತ ನೋಡಬೇಕು ಎಂದು 2010ರಲ್ಲಿ ಅದೇ ಕೋರ್ಟು ಹೇಳಿದೆ. ಕುಂಟುವ ಗುಮಾಸ್ತ ಕುರ್ಚಿ ಮೇಲೆ ಕೂತು ಬರೆಯಬಹುದು. ಕುಂಟುವ ಹಮಾಲ ಚೀಲ ಹೊರಲಾರ. ಅಷ್ಟೇ.

ಈ ದುಡ್ಡು ಟ್ರ್ಯಾಕ್ಟರ್ ಮಾಲೀಕನ ಹೆಂಡತಿಯ ತಾಳಿ ಅಡ ಇಟ್ಟು ತರುವುದಲ್ಲ, ಇನ್ಶೂರೆನ್ಸ್ ಕಂಪನಿ ಕೊಡುವುದು. ಥರ್ಡ್ ಪಾರ್ಟಿ ವಿಮೆ ಕಡ್ಡಾಯ ಮಾಡಿರುವುದೇ ಇದಕ್ಕೆ. ಕಟ್ಟಿದ ಕಂತು ಕಂಪನಿಯ ಡಬ್ಬಿಯಲ್ಲಿ ಕೊಳೆಯಲಿ ಅಂತೀರಾ?

ಒಂದೇ ಮಾತು, ಕಾಗದ ಬಿಡಬೇಡಿ. ಆಸ್ಪತ್ರೆಯಲ್ಲಿ, ಇದು ಪೊಲೀಸ್ ಕೇಸು ಅಂತ ದಾಖಲಿಸುವ ಎಂಎಲ್‌ಸಿ ಮಾಡಿಸಿ, ಎಫ್‌ಐಆರ್ ಮಾಡಿಸಿ, ಮೆಡಿಕಲ್ ಶಾಪಿನ ಹತ್ತು ರೂಪಾಯಿ ಚೀಟಿಯನ್ನೂ ಇಟ್ಟುಕೊಳ್ಳಿ. 2022ರ ಏಪ್ರಿಲ್‌ನಿಂದ ಪರಿಹಾರದ ಅರ್ಜಿ ಹಾಕಲು ಅಪಘಾತದ ದಿನದಿಂದ ಆರು ತಿಂಗಳ ಗಡುವು ಬಂದಿದೆ. ರಾಜಿ ಮಾಡೋಣ ಅಂತ ಹಿರಿಯರು ವಾರ ವಾರ ಕರೆಯುತ್ತಿದ್ದರೆ ಆರು ತಿಂಗಳು ಹೋಗಿದ್ದೇ ಗೊತ್ತಾಗಲ್ಲ.

ತಡವಾಗುತ್ತದೆ ಅನ್ನುತ್ತಾರೆ. ಆಗಲಿ ಬಿಡಿ, ಮುರಿದ ಕಾಲೇನು ಬೇಗ ಬಂತಾ? ನಮಗೆ ಎರಡು ವರ್ಷ ಹಿಡಿಯಿತು, ಬಡ್ಡಿ ಸಮೇತ ಆರೂವರೆ ಲಕ್ಷ ಬಂತು. ಅದರಲ್ಲಿ ಸ್ವಲ್ಪ ಎಫ್‌ಡಿ ಇಡಿಸಿದರು. ಉಳಿದದ್ದರಲ್ಲಿ ತಮ್ಮ ಹಿಟ್ಟಿನ ಗಿರಣಿ ಹಾಕಿದ್ದಾನೆ. ಸ್ಟೂಲ್ ಮೇಲೆ ಕೂತು, ಬಲಗಾಲು ಚಾಚಿಕೊಂಡು ಜೋಳ ಬೀಸುತ್ತಾನೆ. ಆ ಹಿರಿಯರ ಮನೆಯ ಜೋಳವೂ ಅಲ್ಲಿಗೇ ಬರುತ್ತದೆ.

ವಿರೋಧ: ಎಲ್ಲರ ಹತ್ತಿರ ಪಾಲಿಸಿ ಇರುತ್ತಾ?

ವಿರೋಧ ಬರೆಯೋಕೆ ಯಾರೂ ಸಿಗಲಿಲ್ಲವಂತೆ, ಮೇಷ್ಟ್ರಲ್ವಾ ನೀವೇ ಬರೆಯಿರಿ ಅಂದರು. ಸರಿ, ಬರೆಯುತ್ತೇನೆ.

ಈಗ ಮೊಣಕೈ ತರಚಿದವನೂ ತಲೆತುಂಬ ಬ್ಯಾಂಡೇಜ್ ಸುತ್ತಿಕೊಂಡು ವಕೀಲರನ್ನು ಹುಡುಕುತ್ತಾನೆ. ಡೇಟ್ ಇದ್ದಾಗೆಲ್ಲ ಒಂದು ದಿನದ ಕೂಲಿ ಹೋಗುತ್ತದೆ, ಬಸ್ಸಿನ ಖರ್ಚು ಬೇರೆ. ಸಾಕ್ಷಿ ಹೇಳಬೇಕಾದ ಡಾಕ್ಟರು ಬರಲ್ಲ, ಮತ್ತೆ ಡೇಟು. ಇಲ್ಲಿ ಗೆದ್ದರೂ ಕಂಪನಿ ಹೈಕೋರ್ಟಿನ ಧಾರವಾಡ ಪೀಠಕ್ಕೆ ಮೇಲ್ಮನವಿ ಹಾಕಬಹುದು. ಗೆದ್ದದ್ದರಲ್ಲಿ ಪಾಲು ಅಂತ ಫೀ ಗೊತ್ತು ಮಾಡುವುದು ವಕೀಲರ ಪರಿಷತ್ತಿನ ನಿಯಮಕ್ಕೇ ವಿರುದ್ಧ. ಹಾಗಂತ ಯಾರೂ ಕೇಳದೆ ಬಿಟ್ಟಿಲ್ಲ.

ಇದೆಲ್ಲ ನಿಮಗೂ ಗೊತ್ತು. ನನ್ನ ಕಥೆ ಹೇಳುತ್ತೇನೆ.

ಕೊಪ್ಪಳದ ಗವಿಮಠದ ಜಾತ್ರೆ ಮುಗಿಸಿ ಸ್ಕೂಟರಿನಲ್ಲಿ ಬರುತ್ತಿದ್ದೆ. ಹಿಂದಿನಿಂದ ಒಬ್ಬ ಹುಡುಗ ಬೈಕಿನಲ್ಲಿ ಬಂದು ಗುದ್ದಿದ. ಬಲಗೈ ಮಣಿಕಟ್ಟು ಮುರಿಯಿತು. ಹುಡುಗನಿಗೆ ಲೈಸೆನ್ಸ್ ಇಲ್ಲ, ಬೈಕಿಗೆ ಇನ್ಶೂರೆನ್ಸ್ ಇಲ್ಲ, ಬೈಕು ಅಪ್ಪನ ಹೆಸರಲ್ಲಿ. ಅಪ್ಪನಿಗೆ ಎರಡು ಎಕರೆ ಒಣ ಭೂಮಿ. ಕೇಸ್ ಹಾಕಿದ್ದರೆ ಕಂಪನಿಯಲ್ಲ, ಅವನೇ ಕೊಡಬೇಕು. ಕೊಡದಿದ್ದರೆ ಭೂಕಂದಾಯದ ಬಾಕಿ ಥರ ವಸೂಲಿ ಮಾಡಬಹುದು. ಅಂದರೆ ಆ ಎರಡು ಎಕರೆಗೇ ಕೈ. ಕಂಪನಿ ಕೊಡುತ್ತೆ ಅಂತ ಮೇಲೆ ಬರೆದವರು ಇಂಥ ಅಪ್ಪನನ್ನು ನೋಡಿಲ್ಲ ಅನಿಸುತ್ತದೆ.

ಆತ ನಮ್ಮ ಮನೆಗೆ ಬಂದು ಕುರ್ಚಿ ಹಾಕಿದರೂ ಕೂರಲಿಲ್ಲ. ಹೊಸ್ತಿಲ ಹೊರಗೇ ನಿಂತು, 'ತಪ್ಪಾಗೇತ್ರಿ ಸರ' ಅಂದ. ಆಮೇಲೆ ಎರಡು ವರ್ಷ ಸುಗ್ಗಿಗೆ ಒಂದೊಂದು ಚೀಲ ಜೋಳ ತಂದು ಇಳಿಸಿದ. ಬೇಡ ಅಂದರೂ ಕೇಳಲಿಲ್ಲ. ನನ್ನ ಹೆಂಡತಿ, 'ಜೋಳದಿಂದ ಕೈ ಸರಿಹೋಗುತ್ತಾ?' ಅಂದಳು. ಅವಳ ಮಾತು ತೆಗೆದುಹಾಕೋ ಹಾಗಿಲ್ಲ. ನಾನು ಮೇಷ್ಟ್ರು, ರಜೆಯಲ್ಲೂ ಸಂಬಳ ಬಂತು, ಅದಕ್ಕೇ ದೊಡ್ಡಮನಸ್ಸು ಮಾಡಲು ಆಯಿತು ಅನ್ನೋದೂ ನಿಜ. ಹಮಾಲಿ ಆಗಿದ್ದರೆ ಏನು ಮಾಡುತ್ತಿದ್ದೆನೋ.

ಮಣಿಕಟ್ಟು ಈಗಲೂ ಪೂರ್ತಿ ತಿರುಗಲ್ಲ. ಆ ಹುಡುಗ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗೆಲ್ಲ ಓಡಿಬಂದು, 'ಕೈ ಹೆಂಗೈತ್ರೀ ಸರ' ಅಂತಾನೆ. ಬೈಕಿಗೆ ಇನ್ಶೂರೆನ್ಸ್ ಮಾಡಿಸಿದಿ ಏನೋ ಅಂದರೆ ಮಾತ್ರ ಮಳೆ ಬೆಳೆ ಸುದ್ದಿ ತೆಗೆಯುತ್ತಾನೆ.